ತರಬೇತಿ ಮುಗಿಯಿತು, ಹೊಲ ಎಲ್ಲಿ? ಹವಾಯಿ ದ್ವೀಪಗಳ ಊಟದ ಲೆಕ್ಕ

ಹವಾಯಿಯಲ್ಲಿ ಬೇಸಾಯ ಕಲಿಯಬೇಕು ಅನ್ನುವವರಿಗೆ ಒಂದು ಶಾಲೆ ಇದೆ. ಗೋಫಾರ್ಮ್ ಹವಾಯಿ ಅಂತ ಹೆಸರು. ಹವಾಯಿ ವಿಶ್ವವಿದ್ಯಾಲಯ ನಡೆಸುತ್ತದೆ. ಸೇರುವುದಕ್ಕೆ ಕೃಷಿ ಪದವಿ ಬೇಡ, ಅಪ್ಪ ಅಜ್ಜ ರೈತರಾಗಿರಬೇಕು ಅಂತಲೂ ಇಲ್ಲ. ಆದರೆ ಬಂದವರನ್ನೆಲ್ಲ ಒಂದೇ ಸಲಕ್ಕೆ ಒಳಗೆ ಬಿಡುವುದಿಲ್ಲ. ಮೊದಲು ಒಂದೆರಡು ಗಂಟೆಯ ಮಾತುಕತೆ. ಬೇಸಾಯ ಏನನ್ನೆಲ್ಲ ಬೇಡುತ್ತದೆ ಅಂತ ಬಿಚ್ಚಿ ಹೇಳುತ್ತಾರೆ. ಅದನ್ನು ಕೇಳಿದ ಮೇಲೂ ಆಸೆ ಉಳಿದವರನ್ನು ಕೆಲವು ದಿನ ಹೊಲಗಳಿಗೆ ಕರೆದೊಯ್ಯುತ್ತಾರೆ. ಸೊಂಟ ಬಗ್ಗಿಸಿ, ಬಿಸಿಲು ಕಂಡ ಮೇಲೂ ‘ನನಗೆ ಬೇಕು’ ಅನ್ನುವವರಿಗೆ ಮಾತ್ರ ತಿಂಗಳುಗಟ್ಟಲೆ ನಡೆಯುವ ಆಗ್‌ಸ್ಕೂಲ್.

ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೇರೆ ಕೆಲಸದಲ್ಲಿ ಇರುವವರು. ಹಾಗಾಗಿ ಪಾಠ ಸಂಜೆ ಮತ್ತು ವಾರದ ಕೊನೆಗೆ. ಮಡಿ ಮಾಡುವುದು, ಬಿತ್ತುವುದು, ನೀರು, ಕೀಟ, ಕೊಯ್ಲು, ಆಮೇಲೆ ಬೆಳೆದದ್ದನ್ನು ತೊಳೆದು ಕಟ್ಟಿ ಮಾರುವುದು, ಎಲ್ಲವನ್ನೂ ಕೈಯಾರೆ ಮಾಡಬೇಕು. ಇದನ್ನೂ ದಾಟಿದವರಿಗೆ ಕೊನೆಯ ಮೆಟ್ಟಿಲು: ಒಂದು ತುಂಡು ಜಮೀನು, ಹಂಚಿಕೊಂಡು ಬಳಸುವ ಉಪಕರಣಗಳು, ಪಕ್ಕದಲ್ಲಿ ಸಲಹೆ ಕೊಡುವವರು. ಕೆಲವು ವರ್ಷ ಅಲ್ಲಿ ಬೆಳೆದು ವ್ಯಾಪಾರ ಕಲಿತು ಆಚೆ ಹೋಗಬೇಕು.

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಜರಡಿ ಹಿಡಿಯುವುದು ಒಳ್ಳೆಯ ಪದ್ಧತಿ. ನಮ್ಮಲ್ಲಿ ಎರಡು ದಿನದ ಕಾರ್ಯಾಗಾರ ಮಾಡಿ, ಪ್ರಮಾಣಪತ್ರ ಕೊಟ್ಟು, ಗ್ರೂಪ್ ಫೋಟೊ ತೆಗೆದು ಕಳಿಸುವ ತರಬೇತಿಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ‘ಆಚೆ ಹೋಗಬೇಕು’ ಅಂದೆನಲ್ಲ, ತೊಡಕು ಶುರುವಾಗುವುದೇ ಅಲ್ಲಿಂದ. ಆಚೆ ಅಂದರೆ ಎಲ್ಲಿಗೆ?

ಹವಾಯಿಯ ಜನಸಂಖ್ಯೆ ಸುಮಾರು 14 ಲಕ್ಷ. ಕ್ಯಾಲಿಫೋರ್ನಿಯಾದ ಕರಾವಳಿಯಿಂದ ಸುಮಾರು 4,000 ಕಿಲೋಮೀಟರ್ ದೂರ, ನಡುವೆ ಬರೀ ಪೆಸಿಫಿಕ್ ಸಾಗರ. ವರ್ಷದ ಹನ್ನೆರಡು ತಿಂಗಳೂ ಏನಾದರೊಂದು ಬೆಳೆಯಬಹುದಾದ ಹವೆ. ಜ್ವಾಲಾಮುಖಿಯ ಮಣ್ಣು. ಆದರೂ ತಿನ್ನುವುದರಲ್ಲಿ ಶೇ. 85ರಿಂದ 90ರಷ್ಟು ಹೊರಗಿನಿಂದ ಬರುತ್ತದೆ ಅನ್ನುವುದು ಅಲ್ಲಿನ ಸರ್ಕಾರವೇ ಬಳಸುತ್ತಾ ಬಂದಿರುವ ಅಂದಾಜು. ಅಕ್ಕಿ, ಈರುಳ್ಳಿ, ಆಲೂಗಡ್ಡೆ, ಮಾಂಸ, ಹಾಲು, ಬಹುಪಾಲು ಹಡಗಿನಲ್ಲೇ ಬರಬೇಕು. ದ್ವೀಪದಲ್ಲಿ ಹುಟ್ಟಿದ ಬಹುಪಾಲು ಕರುಗಳನ್ನು ಕೊಬ್ಬಿಸುವುದಕ್ಕೆ ಅಮೆರಿಕದ ಮುಖ್ಯಭೂಮಿಗೆ ಕಳಿಸುತ್ತಾರೆ, ಮಾಂಸ ಮತ್ತೆ ಪೆಟ್ಟಿಗೆಯಲ್ಲಿ ವಾಪಸ್ ಬರುತ್ತದೆ. ಇಂಥ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ, ಅಲ್ವಾ? ಆದರೆ ಮೇವನ್ನು ದ್ವೀಪಕ್ಕೆ ತರಿಸುವುದಕ್ಕಿಂತ ಕರುವನ್ನು ಮೇವಿನ ಹತ್ತಿರ ಕಳಿಸುವುದೇ ಅಗ್ಗ.

ಹಡಗಿನ ವಿಷಯದಲ್ಲಿ ಇನ್ನೊಂದು ಗಂಟು ಇದೆ. 1920ರ ಜೋನ್ಸ್ ಕಾಯ್ದೆಯ ಪ್ರಕಾರ ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸರಕು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಅಮೆರಿಕದವರದ್ದೇ ಆಗಿರಬೇಕು, ಅದರ ಸಿಬ್ಬಂದಿಯೂ ಬಹುಮಟ್ಟಿಗೆ ಅಲ್ಲಿಯವರೇ ಇರಬೇಕು. ಹವಾಯಿಗೆ ಮುಖ್ಯಭೂಮಿಯಿಂದ ಕಂಟೇನರ್ ತರುವುದು ಮುಖ್ಯವಾಗಿ ಎರಡೇ ಕಂಪನಿ: ಮ್ಯಾಟ್ಸನ್ ಮತ್ತು ಪಾಶಾ. ಹಡಗು ನಿಂತರೆ ಏನಾಗುತ್ತದೆ ಅನ್ನುವುದು 1949ರಲ್ಲೇ ಗೊತ್ತಾಗಿತ್ತು. ಆ ವರ್ಷ ಬಂದರು ಕಾರ್ಮಿಕರ ಮುಷ್ಕರ ಮೇ ತಿಂಗಳಲ್ಲಿ ಶುರುವಾಗಿ ಹತ್ತಿರ ಹತ್ತಿರ ಆರು ತಿಂಗಳು ನಡೆಯಿತು. ಆ ಪಾಠ ಕಲಿತು ಹವಾಯಿ ತನ್ನ ಊಟ ತಾನೇ ಬೆಳೆದುಕೊಳ್ಳಬಹುದಿತ್ತು. ಬೆಳೆಯಲಿಲ್ಲ. ಯಾಕೆ ಅನ್ನುವುದಕ್ಕೆ ಜಮೀನಿನ ಕಥೆಗೆ ಹೋಗಬೇಕು.

ಯುರೋಪಿನವರ ಹಡಗು ಮೊದಲು ಬಂದ 1778ರ ಹೊತ್ತಿಗೆ ಅಲ್ಲಿ ಲಕ್ಷಗಟ್ಟಲೆ ಜನ ಇದ್ದರು, ಹೊರಗಿನಿಂದ ಒಂದು ಕಾಳೂ ಬರುತ್ತಿರಲಿಲ್ಲ. ಅವರ ಮುಖ್ಯ ಆಹಾರ ಕಲೋ, ಅಂದರೆ ನಮ್ಮ ಕೆಸುವಿನ ಗೆಡ್ಡೆ. ಪತ್ರೊಡೆಗೆ ಎಲೆ ಕೊಯ್ಯುತ್ತೀವಲ್ಲ, ಅದೇ ಜಾತಿಯ ಗಿಡ. ಏಷ್ಯಾದ ಕಡೆಯಿಂದ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಹೊತ್ತು ತಂದದ್ದು. ಗೆಡ್ಡೆ ಬೇಯಿಸಿ ಜಜ್ಜಿ ಪೊಯಿ ಮಾಡುತ್ತಾರೆ, ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸುತ್ತಾರೆ. ನಮ್ಮ ಗದ್ದೆಯ ಹಾಗೇ ಬದು ಕಟ್ಟಿ ನೀರು ನಿಲ್ಲಿಸಿ ಬೆಳೆಯುವುದು. ಬೆಟ್ಟದ ತೊರೆಯಿಂದ ಸಣ್ಣ ಕಾಲುವೆಯಲ್ಲಿ ನೀರು ಗದ್ದೆಗೆ ಬಂದು, ಒಂದರಿಂದ ಒಂದಕ್ಕೆ ಇಳಿದು, ಮತ್ತೆ ತೊರೆಗೇ ಸೇರಿ ಕಡಲಿಗೆ ಹೋಗುತ್ತದೆ. ಕಡಲ ಅಂಚಿನಲ್ಲಿ ಕಲ್ಲಿನ ಗೋಡೆ ಕಟ್ಟಿ ಮೀನು ಸಾಕುವ ಕೊಳ. ಬೆಟ್ಟದ ತುದಿಯಿಂದ ಕಡಲವರೆಗಿನ ಇಂಥ ಒಂದು ಪಟ್ಟಿಗೆ ಅಹುಪುವಾ ಅನ್ನುತ್ತಾರೆ. ಓಆಹು ದ್ವೀಪದ ಹೇಎಯಿಯಾದಲ್ಲಿ ಸುಮಾರು 88 ಎಕರೆಯ ಇಂಥ ಮೀನುಕೊಳವೊಂದನ್ನು 2001ರಿಂದ ಸ್ಥಳೀಯರೇ ಸಂಘ ಕಟ್ಟಿಕೊಂಡು ರಿಪೇರಿ ಮಾಡುತ್ತಿದ್ದಾರೆ.

1835ರಲ್ಲಿ ಕವಾಯಿ ದ್ವೀಪದ ಕೊಲೋವಾದಲ್ಲಿ ಕಬ್ಬಿನ ತೋಟ ಬಂತು. 1848ರಲ್ಲಿ ಮಹೇಲೆ ಅನ್ನುವ ಭೂ ಹಂಚಿಕೆ. ಅಲ್ಲಿಯವರೆಗೆ ಯಾರ ಸ್ವಂತದ್ದೂ ಅಲ್ಲದ ನೆಲ ರಾಜ, ಮುಖಂಡರು, ಸರ್ಕಾರ ಅಂತ ಹಂಚಿಹೋಯಿತು. ಉಳುವ ಸಾಮಾನ್ಯ ಜನರಿಗೆ ಕೊನೆಗೆ ದಕ್ಕಿದ್ದು ಒಟ್ಟು ನೆಲದ ಶೇ. 1ಕ್ಕಿಂತ ಕಡಿಮೆ. 1850ರಿಂದ ವಿದೇಶಿಯರೂ ಜಮೀನು ಕೊಳ್ಳಬಹುದು ಅಂತಾಯಿತು. ಮುಂದಿನದು ಊಹಿಸಿಕೊಳ್ಳಬಹುದಾದದ್ದೇ: ದೊಡ್ಡ ದೊಡ್ಡ ತೋಟಗಳು, ಚೀನಾ ಜಪಾನ್ ಫಿಲಿಪೀನ್ಸ್‌ಗಳಿಂದ ಕೂಲಿಗಳು. ನೀರನ್ನಂತೂ ಬೆಟ್ಟದ ಆ ಕಡೆಯಿಂದ ಈ ಕಡೆಗೆ ಸುರಂಗ ಕಾಲುವೆಯಲ್ಲಿ ತಿರುಗಿಸಿದರು. ಮಾವಿ ದ್ವೀಪದ ಪೂರ್ವದ ತೊರೆಗಳ ನೀರನ್ನು 1870ರ ದಶಕದಲ್ಲೇ ಒಣ ಬಯಲಿನ ಕಬ್ಬಿಗೆ ಒಯ್ದರು. ಕೆಳಗಿನ ಕೆಸುವಿನ ಗದ್ದೆಗಳು ಒಣಗಿದವು. ಆ ನೀರು ವಾಪಸ್ ಬಿಡಿ ಅಂತ ಅಲ್ಲಿನ ಕೆಸು ಬೆಳೆಗಾರರು 2001ರಲ್ಲಿ ಅರ್ಜಿ ಹಾಕಿದರು. ರಾಜ್ಯದ ಜಲ ಆಯೋಗ ಹಲವು ತೊರೆಗಳಿಗೆ ನೀರು ಬಿಡಬೇಕು ಅಂತ ತೀರ್ಪು ಕೊಟ್ಟದ್ದು 2018ರಲ್ಲಿ. ಹದಿನೇಳು ವರ್ಷ! ಅರ್ಜಿ ಹಾಕಿದಾಗ ನಡುವಯಸ್ಸಿನಲ್ಲಿದ್ದವರು ತೀರ್ಪು ಬರುವಷ್ಟರಲ್ಲಿ ಮುದುಕರಾಗಿದ್ದರು.

ಇದರ ನಡುವೆ ಕಬ್ಬೇ ನೆಲ ಬಿಟ್ಟು ಹೋಯಿತು. ಬೇರೆ ದೇಶಗಳಲ್ಲಿ ಕೂಲಿ ಅಗ್ಗ, ಸಕ್ಕರೆ ಅಗ್ಗ. ತೋಟಗಳು ಒಂದೊಂದಾಗಿ ಮುಚ್ಚಿದವು. ಕೊನೆಯದಾದ ಮಾವಿಯ ಎಚ್‌ಸಿ ಆ್ಯಂಡ್ ಎಸ್ ಕಂಪನಿ 2016ರ ಡಿಸೆಂಬರ್‌ನಲ್ಲಿ ಕೊನೆಯ ಕಬ್ಬು ಕಡಿಯಿತು. ಸುಮಾರು 36,000 ಎಕರೆ ಒಂದೇ ಸಲ ಖಾಲಿ.

ಇಲ್ಲಿ ಯಾರಾದರೂ ಕೇಳಬಹುದು: ಅಷ್ಟು ನೆಲ ಖಾಲಿಯಾಯಿತಲ್ಲ, ಹೊಸ ರೈತರಿಗೆ ಕೊಟ್ಟಿದ್ದರೆ ಆಗುತ್ತಿತ್ತಲ್ಲ? ಕೊಡಬೇಕಾದರೆ ಅದು ಸರ್ಕಾರದ್ದಾಗಿರಬೇಕು. ಮಾಲೀಕ ಕಂಪನಿ 2018ರಲ್ಲಿ ಸುಮಾರು 41,000 ಎಕರೆಯನ್ನು 26.2 ಕೋಟಿ ಡಾಲರ್‌ಗೆ ಮಾಹಿ ಪೋನೋ ಅನ್ನುವ ಕಂಪನಿಗೆ ಮಾರಿತು. ಅದರ ಹಿಂದೆ ಇರುವ ದುಡ್ಡು ಕೆನಡಾದ ಒಂದು ಪಿಂಚಣಿ ನಿಧಿಯದ್ದು. ಅವರು ನಿಂಬೆ, ಕಾಫಿ, ತರಕಾರಿ ಅಂತ ಬೆಳೆ ಹಾಕುತ್ತಿದ್ದಾರೆ, ಸುಮ್ನೆ ಬಿಟ್ಟಿಲ್ಲ. ಕಬ್ಬಿನ ಜಾಗಕ್ಕೆ ತಿನ್ನುವ ಬೆಳೆ ಬಂತು, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ನೆಲ ಒಂದು ದೊಡ್ಡ ಕೈಯಿಂದ ಇನ್ನೊಂದು ದೊಡ್ಡ ಕೈಗೆ ಹೋಯಿತು.

ಬೇರೆ ಕಡೆ ನೆಲ ಹಾಳುಬಿದ್ದು ಹೊರಗಿನಿಂದ ಬಂದ ಒರಟು ಹುಲ್ಲು ಬೆಳೆಯಿತು. ಬೇಸಿಗೆಯಲ್ಲಿ ಅದು ಒಣ ಸೌದೆ. 2023ರ ಆಗಸ್ಟ್ 8ರಂದು ಲಹೈನಾ ಪಟ್ಟಣ ಸುಟ್ಟು ಸುಮಾರು ನೂರು ಜನ ಸತ್ತರಲ್ಲ, ಅದರ ಸುತ್ತಲೂ ಇದ್ದದ್ದು ಇಂಥ ಹಳೆ ಕಬ್ಬಿನ ಬಯಲೇ. ಅಲ್ಲಿನ ಪಯನಿಯರ್ ಸಕ್ಕರೆ ಕಾರ್ಖಾನೆ 1999ರಲ್ಲಿ ಮುಚ್ಚಿತ್ತು. ಬೆಂಕಿಗೆ ಗಾಳಿ, ಬರ ಎಲ್ಲವೂ ಕಾರಣ. ಆದರೆ ಉಳುವವರಿಲ್ಲದ ನೆಲ ಬರೀ ಆಹಾರದ ಪ್ರಶ್ನೆಯಾಗಿ ಉಳಿದಿಲ್ಲ ಅನ್ನುವುದು ಆವತ್ತಿನಿಂದ ಅಲ್ಲಿ ಎಲ್ಲರಿಗೂ ಗೊತ್ತು.

ಹಾಗಂತ ಸರ್ಕಾರ ಪೂರ್ತಿ ಕೈಕಟ್ಟಿ ಕೂತಿರಲಿಲ್ಲ. ತೋಟಗಳು ಮುಚ್ಚುತ್ತವೆ ಅಂತ ಮೊದಲೇ ಲೆಕ್ಕ ಹಾಕಿ 1994ರಲ್ಲಿ ಒಂದು ನಿಗಮ ಕಟ್ಟಿತು. ಅಗ್ರಿಬಿಸಿನೆಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್. ಕೆಲಸ: ಹಳೆ ತೋಟದ ನೆಲ, ಕಾಲುವೆಗಳನ್ನು ಹೊಸ ಬಗೆಯ ಬೇಸಾಯಕ್ಕೆ ಒದಗಿಸುವುದು. ಓಆಹುವಿನ ನಡುಭಾಗದ ವಾಹಿಯಾವಾ ಹತ್ತಿರ ಅನಾನಸ್ ಬೆಳೆಯುತ್ತಿದ್ದ ಗಾಲ್‌ಬ್ರೇತ್ ಎಸ್ಟೇಟಿನ ಸುಮಾರು 1,700 ಎಕರೆ 2012ರಲ್ಲಿ ಸಾರ್ವಜನಿಕರ ಕೈಗೆ ಬಂತು. ಬಹುಪಾಲು ಈ ನಿಗಮಕ್ಕೆ. ಇಷ್ಟೆಲ್ಲ ಆಗಿಯೂ 2021ರ ಜನವರಿಯಲ್ಲಿ ರಾಜ್ಯದ ಲೆಕ್ಕಪರಿಶೋಧಕರು ನಿಗಮದ ಬಗ್ಗೆ ಬರೆದ ವರದಿ ಕಟುವಾಗಿತ್ತು. ಕಾಲು ಶತಮಾನ ಕಳೆದರೂ ತೋಟದ ಜಾಗಕ್ಕೆ ಹೊಸ ಕೃಷಿ ತರುವ ಮೂಲ ಕೆಲಸದಲ್ಲಿ ತೋರಿಸುವಂಥದ್ದು ಹೆಚ್ಚೇನೂ ಇಲ್ಲ ಅನ್ನುವುದು ಅದರ ಸಾರ. ನೆಲ ಕೊಂಡರೆ ಹೊಲ ಆಗುವುದಿಲ್ಲ. ನೀರಿನ ಪೈಪು ಬೇಕು, ದಾರಿ ಬೇಕು, ಕರೆಂಟು ಬೇಕು, ಕೊಯ್ದದ್ದನ್ನು ತಂಪಾಗಿಡುವ ಕೋಣೆ ಬೇಕು. ಇವುಗಳಿಗೆ ರಿಬ್ಬನ್ ಕತ್ತರಿಸುವುದಕ್ಕೆ ಯಾರೂ ಬರುವುದಿಲ್ಲ.

ಈಗ ಆಗ್‌ಸ್ಕೂಲ್ ಮುಗಿಸಿದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಸೊಪ್ಪು ಬೆಳೆಯುವುದು ಅವಳಿಗೆ ಚೆನ್ನಾಗಿ ಬರುತ್ತದೆ. ಎರಡು ಎಕರೆ ಸಾಕು. ಕೊಳ್ಳುವುದಂತೂ ದೂರದ ಮಾತು. ‘ಕೃಷಿ ಜಮೀನು’ ಅಂತ ದಾಖಲೆಯಲ್ಲಿ ಇರುವ ನೆಲದಲ್ಲಿ ಹಣವಂತರು ದೊಡ್ಡ ಬಂಗಲೆ ಕಟ್ಟಿಸಿ, ಮುಂದೆ ನಾಲ್ಕು ಹಣ್ಣಿನ ಗಿಡ ನೆಟ್ಟು ‘ಫಾರಂ’ ಅನ್ನುವುದು ಅಲ್ಲಿ ಹಳೆ ದೂರು. ಬೆಂಗಳೂರಿನ ಸುತ್ತಮುತ್ತ ಫಾರ್ಮ್‌ಹೌಸ್ ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಹಾಗಾಗಿ ಗುತ್ತಿಗೆಗೇ ಹೋಗಬೇಕು. ಗುತ್ತಿಗೆ ನೆಲದಲ್ಲಿ ಎಷ್ಟೋ ಕಡೆ ಮನೆ ಕಟ್ಟಿಕೊಂಡು ಇರುವ ಹಾಗಿಲ್ಲ. ಓಆಹುವಿನಲ್ಲಿ ಒಂದು ಬಿಡಿ ಮನೆಯ ನಡುಮಟ್ಟದ ಬೆಲೆ 10 ಲಕ್ಷ ಡಾಲರ್ ದಾಟಿದೆ. ದೂರದಲ್ಲಿ ಬಾಡಿಗೆಗಿದ್ದು ಬೆಳಗ್ಗೆ ಹೊಲಕ್ಕೆ ಹೋಗಿ ರಾತ್ರಿ ವಾಪಸ್ ಬರಬೇಕು. ರಾತ್ರಿ ಹಂದಿ ನುಗ್ಗಿದರೆ, ಪಂಪು ಕದ್ದರೆ, ಗೊತ್ತಾಗುವುದು ಮರುದಿನ ಬೆಳಗ್ಗೆ.

ಗುತ್ತಿಗೆ ಎಷ್ಟು ವರ್ಷಕ್ಕೆ ಅನ್ನುವುದು ಏನು ಬೆಳೆಯುತ್ತಾರೆ ಅನ್ನುವುದನ್ನೂ ತೀರ್ಮಾನಿಸುತ್ತದೆ. ಕಾಫಿಯನ್ನೇ ನೋಡಿ. 2020ರ ಅಕ್ಟೋಬರ್‌ನಲ್ಲಿ ಮಾವಿಯಲ್ಲಿ ಎಲೆ ತುಕ್ಕು ರೋಗ ಕಾಣಿಸಿತು, ಸ್ವಲ್ಪ ದಿನದಲ್ಲೇ ಹೆಸರಾಂತ ಕೋನಾ ಕಾಫಿ ಬೆಳೆಯುವ ಹವಾಯಿ ದ್ವೀಪಕ್ಕೂ (ರಾಜ್ಯಕ್ಕೂ ಈ ಒಂದು ದ್ವೀಪಕ್ಕೂ ಹೆಸರು ಒಂದೇ) ಬಂತು. ಅಲ್ಲಿಯವರೆಗೆ ಈ ರೋಗ ಮುಟ್ಟದೆ ಉಳಿದಿದ್ದ ಕೆಲವೇ ಕಾಫಿ ನಾಡುಗಳಲ್ಲಿ ಹವಾಯಿ ಒಂದಾಗಿತ್ತು. ಚಿಕ್ಕಮಗಳೂರು, ಕೊಡಗಿನವರಿಗೆ ತುಕ್ಕು ಒಂದೂವರೆ ಶತಮಾನದ ಪರಿಚಯ. ಅದನ್ನು ತಡೆದುಕೊಳ್ಳುವ ತಳಿಗಾಗಿಯೇ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ದಶಕಗಟ್ಟಲೆ ದುಡಿದು 1940ರ ದಶಕದಲ್ಲಿ ಎಸ್.795 ಕೊಟ್ಟಿತು. ಕೋನಾದ ಹಳೆ ಟಿಪಿಕಾ ತಳಿ ಈ ರೋಗಕ್ಕೆ ಬೇಗ ತುತ್ತಾಗುತ್ತದೆ. ತಡೆಯುವ ತಳಿ ಹಾಕಿ ಅಂತ ತರಬೇತಿಯಲ್ಲಿ ಹೇಳುವುದು ಸುಲಭ. ಹೊಸ ಗಿಡ ಫಸಲಿಗೆ ಬರುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ಐದು ವರ್ಷದ ಗುತ್ತಿಗೆಯಲ್ಲಿ ಕೂತವನು ಯಾಕೆ ನೆಡುತ್ತಾನೆ? ಮೂವತ್ತು ದಿನಕ್ಕೆ ಕೈಗೆ ಬರುವ ಸೊಪ್ಪನ್ನೇ ಬಿತ್ತುತ್ತಾನೆ. ಅವನ ಪಕ್ಕದವನೂ ಅದನ್ನೇ ಬಿತ್ತುತ್ತಾನೆ. ಹೊಸ ರೈತರು ಸೊಪ್ಪು ತರಕಾರಿಗೇ ಜೋತು ಬೀಳುತ್ತಾರೆ, ಹೊಟ್ಟೆ ತುಂಬಿಸುವ ಗೆಡ್ಡೆ, ಮರದ ಬೆಳೆಗೆ ಬರುವುದಿಲ್ಲ ಅಂತ ದೂರುವವರು ಗುತ್ತಿಗೆಯ ಕಾಗದವನ್ನೂ ಒಮ್ಮೆ ಓದಬೇಕು.

2022ರ ಕೃಷಿ ಗಣತಿಯಲ್ಲಿ ಹವಾಯಿಯ ಫಾರಂಗಳ ಸಂಖ್ಯೆ 6,569. ಅದಕ್ಕೆ ಐದು ವರ್ಷ ಹಿಂದೆ 7,328 ಇತ್ತು. ಬೆಳೆಗಾರರ ಸರಾಸರಿ ವಯಸ್ಸು 60ರ ಆಸುಪಾಸು. ಈ ಐದು ವರ್ಷವೂ ತರಬೇತಿ ಕಾರ್ಯಕ್ರಮಗಳು ನಡೆಯುತ್ತಲೇ ಇದ್ದವು. 2008ರ ಫಾರ್ಮ್ ಬಿಲ್ ಅನ್ನುವ ಅಮೆರಿಕದ ಕೃಷಿ ಕಾಯ್ದೆಯಿಂದ ಈಚೆಗೆ ಹೊಸ ರೈತರ ತರಬೇತಿಗೆ ಅಂತಲೇ ಕೇಂದ್ರದ ದುಡ್ಡು ಬರುತ್ತಿದೆ. ಮೇಲಿನಿಂದ ನೀರು ಸುರಿಯುತ್ತಿದ್ದೇವೆ, ಕೊಡದ ತಳದಲ್ಲಿ ತೂತು.

ಹಾಗಾದರೆ ತರಬೇತಿ ಎಲ್ಲೂ ಕೆಲಸ ಮಾಡಿಲ್ಲವೇ? ಮಾಡಿದೆ. ಮಾಡಿದ ಕಡೆ ತರಬೇತಿಯನ್ನು ಒಂಟಿಯಾಗಿ ಬಿಟ್ಟಿಲ್ಲ.

ಓಆಹುವಿನ ಪಶ್ಚಿಮ ತುದಿಯಲ್ಲಿ ವಾಯಿಯಾನೆ ಅನ್ನುವ ಊರು. ಬೆಟ್ಟದ ಮಳೆನೆರಳಿನಲ್ಲಿರುವ ಒಣ ಜಾಗ. ಮೂಲ ಹವಾಯಿ ಜನ ಹೆಚ್ಚಾಗಿರುವ, ಬಡತನವೂ ಹೆಚ್ಚಾಗಿರುವ ಕಡೆ. ಅಲ್ಲಿ ಕುಕುಯಿ ಮತ್ತು ಗ್ಯಾರಿ ಮೌನಾಕೆಯಾ-ಫೋರ್ತ್ ದಂಪತಿ ಇನ್ನು ಕೆಲವರ ಜೊತೆ ಸೇರಿ 2001ರ ಹೊತ್ತಿಗೆ ಐದು ಎಕರೆಯಲ್ಲಿ ಮಾಓ ಆರ್ಗ್ಯಾನಿಕ್ ಫಾರ್ಮ್ಸ್ ಶುರು ಮಾಡಿದರು. ಹೈಸ್ಕೂಲು ಮುಗಿಸಿದ ಊರಿನ ಹುಡುಗ ಹುಡುಗಿಯರು ವಾರಕ್ಕೆ ಮೂರು ದಿನ ಹೊಲದಲ್ಲಿ ಕೆಲಸ ಮಾಡುತ್ತಾರೆ, ಉಳಿದ ದಿನ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾರೆ. ಕಾಲೇಜಿನ ಶುಲ್ಕ ಸಿಗುತ್ತದೆ, ತಿಂಗಳಿಗೆ ಭತ್ಯೆ ಸಿಗುತ್ತದೆ. ಅವರು ಕೊಯ್ದು ತೊಳೆದು ಕಟ್ಟಿದ ಸೊಪ್ಪು ರಾಜಧಾನಿ ಹೊನೊಲುಲುವಿನ ಅಂಗಡಿ, ಹೋಟೆಲು, ಮನೆಗಳಿಗೆ ಹೋಗುತ್ತದೆ. ಅಲ್ಲಿ ಬೆಳೆದ ಒಂದು ಕಟ್ಟು ಸೊಪ್ಪೂ ‘ಪ್ರಾಕ್ಟಿಕಲ್’ ಆಗಿ ಮುಗಿಯುವುದಿಲ್ಲ, ಮಾರಾಟಕ್ಕೇ ಹೋಗಬೇಕು. ಎಲೆ ಹರಿದಿದ್ದರೆ ಗಿರಾಕಿ ವಾಪಸ್ ಕಳಿಸುತ್ತಾನೆ, ಅದೇ ಪರೀಕ್ಷೆ.

ಇಲ್ಲಿ ಕಲಿತವರೆಲ್ಲ ರೈತರಾಗುವುದಿಲ್ಲ. ಕೆಲವರಿಗೆ ಇದು ಡಿಗ್ರಿ ಮುಗಿಸುವ ದಾರಿ, ಅಷ್ಟೇ. ಅದನ್ನು ಸೋಲು ಅನ್ನಬೇಕಾಗಿಲ್ಲ. ಆದರೆ ನಾನು ಗಮನಿಸುವುದು ಇನ್ನೊಂದನ್ನು: ಕಲಿಯುವವರಿಗೆ ಕೂಲಿ ಇದೆ, ನೆಲ ಸಂಸ್ಥೆಯ ಕೈಯಲ್ಲಿದೆ, ಗಿರಾಕಿ ಮೊದಲೇ ಗೊತ್ತು. 2019ರ ಸುಮಾರಿಗೆ ಅದೇ ಕಣಿವೆಯಲ್ಲಿ ಇನ್ನೂ ಇನ್ನೂರು ಎಕರೆಗಿಂತ ಜಾಸ್ತಿ ನೆಲ ಕೊಂಡರು. ದಾನಿಗಳ ದುಡ್ಡಿಲ್ಲದೆ ಇದು ಆಗುತ್ತಿರಲಿಲ್ಲ, ಅದನ್ನೂ ಹೇಳಬೇಕು. ಬರೀ ಸೊಪ್ಪು ಮಾರಿ ಹವಾಯಿಯಲ್ಲಿ ಇನ್ನೂರು ಎಕರೆ ಕೊಳ್ಳುವುದು ಯಾರಿಂದಲೂ ಸಾಧ್ಯವಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಕರಾವಳಿಯವರಿಗೆ ತುಂಬಾ ಹಿಡಿಸುತ್ತದೆ. ಅದು ಜೀಗುಜ್ಜೆಯದು, ಅಂದರೆ ಬ್ರೆಡ್‌ಫ್ರೂಟ್‌ನದು. ಅಲ್ಲಿ ಊಲು ಅನ್ನುತ್ತಾರೆ. ಒಂದು ಮರ ನೆಟ್ಟರೆ ದಶಕಗಟ್ಟಲೆ ಕಾಯಿ, ಉಳುವುದು ಬೇಡ, ಹೊಟ್ಟೆ ತುಂಬುವ ಆಹಾರ. ಆದರೆ ಜೀಗುಜ್ಜೆಯ ಗುಣ ಗೊತ್ತಲ್ಲ: ಬಂದರೆ ಒಟ್ಟಿಗೆ ಬರುತ್ತದೆ, ಕೊಯ್ದ ಎರಡು ಮೂರು ದಿನದಲ್ಲಿ ಮೆತ್ತಗಾಗುತ್ತದೆ. ಮಂಗಳೂರಿನ ಮಾರ್ಕೆಟಿನಲ್ಲಾದರೆ ಬೆಳಗ್ಗೆ ಇಳಿದದ್ದು ಸಂಜೆಗೆ ಪೋಡಿ ಆಗಿರುತ್ತದೆ. ಹೊನೊಲುಲುವಿನ ಅಂಗಡಿಗೆ ಪಕ್ಕದ ದ್ವೀಪದಿಂದ ಕಳಿಸಬೇಕಾದರೆ ಅಷ್ಟರಲ್ಲೇ ಹಾಳು. 2016ರಲ್ಲಿ ಹವಾಯಿ ದ್ವೀಪದ ಒಂಬತ್ತು ಬೆಳೆಗಾರರು ಸೇರಿ ಊಲು ಸಹಕಾರಿ ಸಂಘ ಕಟ್ಟಿದರು. ಸಂಘ ಕಾಯಿ ಕೊಳ್ಳುತ್ತದೆ, ಹೆಚ್ಚಿ, ಹಬೆಯಲ್ಲಿ ಬೇಯಿಸಿ, ಫ್ರೀಜ್ ಮಾಡುತ್ತದೆ, ಹಿಟ್ಟೂ ಮಾಡುತ್ತದೆ. ಈಗ ಸದಸ್ಯರು ನೂರು ದಾಟಿದ್ದಾರೆ. ಹೊಸಬರಿಗೆ ಇಲ್ಲಿ ಸಿಗುವುದು ಪಾಠಕ್ಕಿಂತ ದೊಡ್ಡದು: ಮರ ನೆಟ್ಟರೆ ಕಾಯಿ ಕೊಳ್ಳುವವರು ಇದ್ದಾರೆ ಅನ್ನುವ ಧೈರ್ಯ.

ಕೊಳ್ಳುವವರ ಮಾತಿಗೆ ಬಂದರೆ, ಬಹಳ ದಿನ ಹವಾಯಿಯ ಸಣ್ಣ ರೈತರು ಹೋಟೆಲುಗಳನ್ನೇ ನಂಬಿದ್ದರು. 2019ರಲ್ಲಿ ಒಂದು ಕೋಟಿಗೂ ಹೆಚ್ಚು ಪ್ರವಾಸಿಗರು ಬಂದಿದ್ದರು. ಹೆಸರಾಂತ ಬಾಣಸಿಗರು ಸ್ಥಳೀಯ ತರಕಾರಿಗೆ ಒಳ್ಳೆಯ ಬೆಲೆ ಕೊಡುತ್ತಿದ್ದರು. 2020ರ ಮಾರ್ಚ್‌ನಲ್ಲಿ ವಿಮಾನ ನಿಂತವು, ಹೋಟೆಲು ಮುಚ್ಚಿದವು. ಹೊಲದಲ್ಲಿ ಬೆಳೆ ನಿಂತಿದೆ, ಕೊಳ್ಳುವವರಿಲ್ಲ. ಇತ್ತ ಊರಿನಲ್ಲಿ ಕೆಲಸ ಕಳೆದುಕೊಂಡವರು ಉಚಿತ ಆಹಾರಕ್ಕೆ ಕಾರಿನಲ್ಲಿ ಸಾಲು ನಿಂತಿದ್ದಾರೆ. ಎರಡರ ನಡುವೆ ಸೇತುವೆ ಕಟ್ಟಿದ್ದು ಫುಡ್ ಹಬ್‌ಗಳು. ಸಣ್ಣ ಸಣ್ಣ ರೈತರ ಮಾಲನ್ನು ಒಂದೆಡೆ ಸೇರಿಸಿ, ಪೆಟ್ಟಿಗೆ ಕಟ್ಟಿ, ಮನೆಗೆ ಮುಟ್ಟಿಸುವವರು. ಬಡವರು ಸರ್ಕಾರದ ಆಹಾರ ಕಾರ್ಡಿನಲ್ಲಿ ಸ್ಥಳೀಯ ತರಕಾರಿ ಕೊಂಡರೆ ಅಷ್ಟೇ ಮೊತ್ತವನ್ನು ಸೇರಿಸಿಕೊಡುವ ಡಾ ಬಕ್ಸ್ ಅನ್ನುವ ಯೋಜನೆಯೂ ಅಲ್ಲಿ ಇದೆ. ನನಗೆ ಇದು ತುಂಬಾ ಜಾಣ ಯೋಜನೆ ಅನ್ನಿಸುತ್ತದೆ. ಸಬ್ಸಿಡಿ ಹೋಗುವುದು ತಿನ್ನುವವರ ಕೈಗೆ, ಉಳಿಯುವುದು ಬೆಳೆದವರ ಮನೆಯಲ್ಲಿ.

ಎಲ್ಲಕ್ಕಿಂತ ದೊಡ್ಡ ಗಿರಾಕಿ ಅಂದರೆ ಸರ್ಕಾರಿ ಶಾಲೆಗಳು. ದಿನಕ್ಕೆ ಸುಮಾರು ಒಂದು ಲಕ್ಷ ಊಟ. 2021ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು: 2030ರ ಹೊತ್ತಿಗೆ ಶಾಲೆಯ ಊಟದಲ್ಲಿ ಶೇ. 30ರಷ್ಟು ಸ್ಥಳೀಯವಾಗಿ ಬೆಳೆದದ್ದಾಗಿರಬೇಕು. ಇದು ಬರೀ ಘೋಷಣೆಯಲ್ಲ, ಕಾನೂನು. ಆದರೆ ಆಮೇಲಿನ ವರ್ಷಗಳಲ್ಲಿ ವರದಿಯಾದ ಪ್ರಮಾಣ ಶೇ. 10ರೊಳಗೇ ಓಡಾಡುತ್ತಿತ್ತು.

ಯಾಕೆ? ಒಂದು ಶಾಲೆಯ ಅಡುಗೆಮನೆಗೆ ಹೋಗಿ ನೋಡಿದರೆ ತಿಳಿಯುತ್ತದೆ. ಅಲ್ಲಿ ಇರುವವರು ಕೆಲವೇ ಮಂದಿ, ನೂರಾರು ಮಕ್ಕಳಿಗೆ ಬಡಿಸಬೇಕು. ಬೇರೆ ಬೇರೆ ಗಾತ್ರದ, ಮಣ್ಣು ಮೆತ್ತಿದ ಸಿಹಿಗೆಣಸು ತಂದು ಸುರಿದರೆ ತೊಳೆದು ಸಿಪ್ಪೆ ಸುಲಿಯುವವರು ಯಾರು? ಅವರಿಗೆ ಬೇಕಾದದ್ದು ತೊಳೆದು, ಒಂದೇ ಅಳತೆಗೆ ಹೆಚ್ಚಿ, ಚೀಲದಲ್ಲಿ ಬಂದದ್ದು. ಜೊತೆಗೆ ಆಹಾರ ಸುರಕ್ಷತೆಯ ಪ್ರಮಾಣಪತ್ರ, ವಿಮೆ, ವರ್ಷಪೂರ್ತಿ ಒಂದೇ ಬೆಲೆ, ಟೆಂಡರು. ಎರಡು ಎಕರೆಯವನು ಇಷ್ಟನ್ನು ಒಬ್ಬನೇ ಹೊಂದಿಸಲಾರ. ಅದಕ್ಕೇ ಊಲು ಸಂಘದಂಥವು ಬೇಕಾಗುವುದು. ಶಾಲೆಯವರಿಗೂ ಮೆನು ಬದಲಿಸುವ ಧೈರ್ಯ ಬೇಕು. ಆಲೂ ಬದಲು ಕೆಸುವಿನ ಗೆಡ್ಡೆಯೋ ಜೀಗುಜ್ಜೆಯೋ ಹಾಕಿದರೆ ಮಕ್ಕಳು ತಟ್ಟೆಯಲ್ಲೇ ಬಿಟ್ಟಾರು ಅನ್ನುವ ಭಯ ಸುಳ್ಳಲ್ಲ.

ಈ ಮಾರುಕಟ್ಟೆ ಎಷ್ಟು ನಾಜೂಕು ಅನ್ನುವುದು 2025ರ ಮಾರ್ಚ್‌ನಲ್ಲಿ ಕಂಡಿತು. ಶಾಲೆಗಳು ಮತ್ತು ಫುಡ್ ಬ್ಯಾಂಕುಗಳು ಸ್ಥಳೀಯ ರೈತರಿಂದಲೇ ಕೊಳ್ಳಲಿ ಅಂತ ಅಮೆರಿಕದ ಕೇಂದ್ರ ಕೃಷಿ ಇಲಾಖೆ ದೇಶಕ್ಕೆಲ್ಲ ಕೊಡಬೇಕಿದ್ದ ಸುಮಾರು 100 ಕೋಟಿ ಡಾಲರ್‌ಗಳ ಎರಡು ಯೋಜನೆಗಳನ್ನು ರದ್ದು ಮಾಡಿತು. ಆ ಭರವಸೆಯ ಮೇಲೆ ಬಿತ್ತಿದವರ ಪಾಡೇನು? ಹೊಸ ರೈತರಿಗೇ ಪೆಟ್ಟು ಜಾಸ್ತಿ. ಹಳಬರಿಗೆ ನಾಲ್ಕು ಗಿರಾಕಿ ಇರುತ್ತಾರೆ, ಹೊಸಬರಿಗೆ ಒಬ್ಬರೇ.

ಸ್ಥಳೀಯ ಉತ್ಪಾದನೆ ದುಪ್ಪಟ್ಟು ಮಾಡುತ್ತೇವೆ ಅಂತ ಗವರ್ನರ್ ಆಗಿದ್ದ ಡೇವಿಡ್ ಈಗೆ ಹೇಳಿದಾಗ ಮೊದಲು ಇಟ್ಟಿದ್ದ ಗಡುವು 2020. ಆಮೇಲೆ ಅದು 2030 ಆಯಿತು. ಗಡುವು ಮುಂದೆ ಹೋಗುವುದು ಎಲ್ಲ ಕಡೆ ಇದ್ದದ್ದೇ. ಆದರೆ ಯಾವ ಅಂಕಿಯನ್ನು ಎಣಿಸುತ್ತಿದ್ದೇವೆ ಅನ್ನುವುದು ನನಗೆ ಹೆಚ್ಚು ಮುಖ್ಯ. ತರಬೇತಿ ಮುಗಿಸಿದವರು ಎಷ್ಟು ಅನ್ನುವುದು ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಐದು ವರ್ಷದ ನಂತರವೂ ಬೇಸಾಯದಲ್ಲಿ ಇರುವವರು ಎಷ್ಟು, ಅವರ ಗುತ್ತಿಗೆ ಇನ್ನೆಷ್ಟು ವರ್ಷ ಉಳಿದಿದೆ, ಅವರ ಮನೆಖರ್ಚಿನಲ್ಲಿ ಹೊಲದಿಂದ ಬಂದದ್ದು ಎಷ್ಟು, ಇದನ್ನು ಕೇಳುವವರು ಕಡಿಮೆ.

ಇದೆಲ್ಲ ದೂರದ ಕಥೆ ಅನ್ನಿಸಿದರೆ, ಮಂಗಳೂರಿನ ಹಳೆ ಬಂದರಿಗೆ ಹೋಗಿ ನೋಡಬಹುದು. ಅಲ್ಲಿಂದ ಮಂಜಿ ಅನ್ನುವ ಸರಕು ದೋಣಿಗಳು ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ. ಮಳೆಗಾಲದಲ್ಲಿ ಈ ಓಡಾಟ ನಿಲ್ಲುತ್ತದೆ, ಸೆಪ್ಟೆಂಬರ್ ನಡುವಿಗೆ ಮತ್ತೆ ಶುರು. ಅಮಿನಿ, ಕಡ್‌ಮತ್, ಕಿಲ್ತಾನ್‌ನಂಥ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 2011ರ ಜನಗಣತಿಯಂತೆ ಲಕ್ಷದ್ವೀಪದಲ್ಲಿ 64,473 ಜನ, ಒಟ್ಟು ನೆಲ 32 ಚದರ ಕಿಲೋಮೀಟರ್. ಹವಳದ ಮರಳು ನೆಲ, ಕೆಳಗೆ ತೆಳುವಾದ ಸಿಹಿನೀರಿನ ಪದರ. ಜಾಸ್ತಿ ನೀರೆತ್ತಿದರೆ ಉಪ್ಪಾಗುತ್ತದೆ. ತೆಂಗು ಮತ್ತು ಟ್ಯೂನಾ ಮೀನು ಬಿಟ್ಟರೆ ಬಹುಪಾಲು ಹಡಗಿನ ಊಟವೇ. ಹವಾಯಿಯಂತೆ ಅಲ್ಲಿ ಸಾವಿರಾರು ಎಕರೆ ಖಾಲಿ ಬಿದ್ದಿಲ್ಲ. ಹಿತ್ತಲಿನ ತರಕಾರಿ, ಕೋಳಿ, ಆಡು, ತೆಂಗಿನ ಬುಡದ ಬೆಳೆ, ಇಷ್ಟರಲ್ಲೇ ಆಗಬೇಕು. ಕೃಷಿ ವಿಜ್ಞಾನ ಕೇಂದ್ರ ಇದೆ, ತರಬೇತಿಯೂ ನಡೆಯುತ್ತದೆ.

ಆದರೆ 2021ರಲ್ಲಿ ಆಡಳಿತ ಸರ್ಕಾರಿ ಡೈರಿ ಫಾರಂಗಳನ್ನು ಮುಚ್ಚಲು ಹೊರಟಿತು, ಶಾಲೆಯ ಬಿಸಿಯೂಟದಿಂದ ಮಾಂಸ ತೆಗೆಯಿತು. ಕೇರಳ ಹೈಕೋರ್ಟ್ ಮೊದಲು ತಡೆ ಕೊಟ್ಟಿತ್ತು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇದು ಆಡಳಿತದ ನೀತಿಯ ವಿಷಯ, ಮಕ್ಕಳು ಏನು ತಿನ್ನಬೇಕು ಅಂತ ಕೋರ್ಟು ಹೇಳುವುದಿಲ್ಲ ಅಂತ ಅರ್ಜಿ ವಜಾ ಮಾಡಿತು. ಕಾನೂನಿನ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ಅಷ್ಟು ಸಣ್ಣ ಊರಿನಲ್ಲಿ ಶಾಲೆಯ ಮೆನು ಅಂದರೆ ಅರ್ಧ ಮಾರುಕಟ್ಟೆ. ಇಂಥ ತೀರ್ಮಾನ ಬದಲಾದಾಗ ಭಾರ ಬೀಳುವುದು ಆ ವರ್ಷವಷ್ಟೇ ಸಾಲ ಮಾಡಿ ಹಸುವನ್ನೋ ಕೋಳಿಯನ್ನೋ ಕಟ್ಟಿಕೊಂಡವರ ಮೇಲೆ. ತರಬೇತಿ ಕೊಟ್ಟವರ ಕಡತದಲ್ಲಿ ಮಾತ್ರ ಅವರು ಇನ್ನೂ ‘ಯಶಸ್ವಿ ಫಲಾನುಭವಿ’ಗಳಾಗಿಯೇ ಇರುತ್ತಾರೆ.